ಪೂರ್ವಾನುಮತಿ ಪಡೆದ ಅಪಘಾತ

ರಾಜಧಾನಿ ಕನ್ನಡ ಸೈಕಲ್ ಸವಾರರ ಸಂಘವು ನೋಂದಣಿಯಾದ ದಿನದಿಂದ ಕಳೆದ ಜನವರಿ ಕೊನೆಯವರೆಗೆ, ಅಂದರೆ ಹನ್ನೊಂದು ವರ್ಷ ನಾಲ್ಕು ತಿಂಗಳ ಅವಧಿಯಲ್ಲಿ, ಸಂಘದ ಯಾವೊಬ್ಬ ಸದಸ್ಯರೂ ಸೈಕಲ್‌ನಿಂದ ಬಿದ್ದಿರಲಿಲ್ಲ. ದೆಹಲಿಯಂಥ ಊರಿನಲ್ಲಿ ಇದು ಸಣ್ಣ ಮಾತಲ್ಲ. ಈ ಸಾಧನೆಯನ್ನು ಸಂಘದ ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಲಾಗಿತ್ತು. ಕಾರ್ಯದರ್ಶಿ ಮಹಂತೇಶ್ ಅವರ ವಿಸಿಟಿಂಗ್ ಕಾರ್ಡಿನಲ್ಲಿ ಅವರ ಹೆಸರಿಗಿಂತ ಈ ಸಾಧನೆಯೇ ದೊಡ್ಡ ಅಕ್ಷರದಲ್ಲಿತ್ತು.

ಇಂಥ ಸಂಘಕ್ಕೆ ಶ್ರೀಮತಿ ಶ್ರೀಲಕ್ಷ್ಮಿಯವರು ಅರ್ಜಿ ಹಾಕಿದ್ದು ಫೆಬ್ರವರಿ ಮೊದಲ ವಾರದಲ್ಲಿ.

ಶ್ರೀಲಕ್ಷ್ಮಿಯವರಿಗೆ ನಲವತ್ತೊಂಬತ್ತು ವರ್ಷ. ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸಹಾಯಕ ವಿಭಾಗಾಧಿಕಾರಿ. ವಾಸ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಒಂಬತ್ತನೇ ಮಹಡಿ. ಹುಡುಗಿಯಾಗಿದ್ದಾಗ ಹಾವೇರಿಯಲ್ಲಿ ಹೈಸ್ಕೂಲಿಗೆ ಸೈಕಲ್ ಮೇಲೆ ಹೋಗುತ್ತಿದ್ದರು. ಮದುವೆಯಾಗಿ ದೆಹಲಿಗೆ ಬಂದು ಇಪ್ಪತ್ತನಾಲ್ಕು ವರ್ಷವಾಗಿತ್ತು. ಅಷ್ಟೂ ವರ್ಷ ಅವರು ಬಸ್ಸಿನಲ್ಲಿ, ಆಟೋದಲ್ಲಿ, ಮೆಟ್ರೋದಲ್ಲಿ, ಗಂಡನ ಸ್ಕೂಟರಿನ ಹಿಂಬದಿಯಲ್ಲಿ ಕೂತಿದ್ದರೇ ಹೊರತು ಯಾವುದನ್ನೂ ತಾವೇ ಓಡಿಸಿರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಚಾಣಕ್ಯಪುರಿಯಲ್ಲಿ ಅವರ ಆಟೋ ಸಿಗ್ನಲ್ಲಿಗೆ ನಿಂತಿದ್ದಾಗ ಒಬ್ಬ ಹೆಂಗಸು ಸೈಕಲ್ ಮೇಲೆ ಬಂದಳು. ಮುಂದಿನ ಬುಟ್ಟಿಯಲ್ಲಿ ಬ್ರೆಡ್ ಇತ್ತು. ದೀಪ ಹಸಿರಾದಾಗ ಆ ಹೆಂಗಸು ಬಲಕ್ಕೆ ತಿರುಗಿ ಹೋದಳು. ಅಷ್ಟೇ ನಡೆದದ್ದು.

"ಅವಳು ಯಾರನ್ನೂ ಕೇಳಲಿಲ್ಲ ಕಣ್ರೀ" ಎಂದು ಶ್ರೀಲಕ್ಷ್ಮಿ ಆ ಸಂಜೆ ಗಂಡನಿಗೆ ಹೇಳಿದರು. "ಬಲಕ್ಕೆ ಹೋಗಬೇಕು ಅನ್ನಿಸಿತು, ಹೋದಳು."

ಪತಿ ದೇವೇಂದ್ರಪ್ಪನವರು ಮತ್ತೊಂದು ಇಲಾಖೆಯಲ್ಲಿ ವಿಭಾಗಾಧಿಕಾರಿ. ಇತರರು ಕ್ರಿಕೆಟ್ ನೋಡುವ ಹೊತ್ತಿನಲ್ಲಿ ಅವರು ನಿಯಮಾವಳಿ ಓದುತ್ತಿದ್ದರು. "ಬಲ ತಿರುವು ಅಂದರೆ ಕೈ ತೋರಿಸಬೇಕು. ತೋರಿಸಿದಳೋ?" ಎಂದು ಕೇಳಿದರು.

ಮುಂದಿನ ಶನಿವಾರ ಶ್ರೀಲಕ್ಷ್ಮಿ ಆಕಾಶನೀಲಿ ಬಣ್ಣದ ಒಂದು ಸೈಕಲ್ ಕೊಂಡು ತಂದು ಲಿಫ್ಟಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಒಂಬತ್ತನೇ ಮಹಡಿಗೆ ಏರಿಸಿದರು. ಮಗಳು ದಿಶಾ, ಬಿ.ಎ. ಎರಡನೇ ವರ್ಷ, ಅದನ್ನು ನೋಡಿ "ಅಮ್ಮಾ, ಸಚ್ ಮೇ? ಸೂಪರ್ ಯಾರ್!" ಎಂದಳು. ದೇವೇಂದ್ರಪ್ಪನವರು ಮಾತ್ರ ಸೈಕಲ್ ಸುತ್ತ ಎರಡು ಸುತ್ತು ಬಂದು ಚಿಂತೆಯಲ್ಲಿ ಕೂತರು.

"ಒಬ್ಬಳೇ ಓಡಿಸೋದು ಬೇಡ. ಯಾವುದಾದರೂ ಸಂಘದ ಮೂಲಕ ಹೋಗು" ಎಂದರು.

"ರಸ್ತೆ ಸಂಘದ್ದಲ್ಲವಲ್ಲ?"

"ರಸ್ತೆ ಯಾರದ್ದಾದರೂ ಇರಲಿ. ಜವಾಬ್ದಾರಿ ಯಾರದ್ದೋ ಒಬ್ಬರದ್ದು ಅಂತ ಕಾಗದದಲ್ಲಿ ಇರಬೇಕು."

ಹೀಗೆ ಅರ್ಜಿ ತರಿಸಲಾಯಿತು. ಅದರಲ್ಲಿ ಹದಿನಾಲ್ಕು ಪುಟಗಳಿದ್ದವು. ಅರ್ಜಿದಾರರ ಹೆಸರು, ತಂದೆಯ ಹೆಸರು, ಸೈಕಲ್ ತಯಾರಕರ ಹೆಸರು, ತಯಾರಕರ ತಂದೆಯ ಹೆಸರು ಎಂದು ಕ್ರಮವಾಗಿ ಕೇಳಲಾಗಿತ್ತು. ಬ್ರೇಕಿನ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಸ್ಟ್ಯಾಂಡಿನ ಬಗ್ಗೆ ಮಾತ್ರ ಆರು ಪ್ರಶ್ನೆಗಳಿದ್ದವು: ಡಬಲ್ ಸ್ಟ್ಯಾಂಡ್ ಇದೆಯೇ, ಹಿಂದಿನ ಚಕ್ರ ನೆಲದಿಂದ ಎಷ್ಟು ಬೆರಳು ಮೇಲೇಳುತ್ತದೆ, ಸ್ಟ್ಯಾಂಡಿನ ನಡತೆ ತೃಪ್ತಿಕರವಾಗಿದೆಯೇ. ಶ್ರೀಲಕ್ಷ್ಮಿಯವರಿಗೆ ಇದು ವಿಚಿತ್ರವೆನಿಸಿತು. ದೇವೇಂದ್ರಪ್ಪನವರಿಗೆ ಅನಿಸಲಿಲ್ಲ. "ನಿಂತಿರೋದನ್ನ ಮೊದಲು ಸರಿಯಾಗಿ ನಿಲ್ಲಿಸಬೇಕು" ಎಂದು ಹೇಳಿ ಸ್ಕೇಲ್ ತಂದು ಅಳೆದರು. ಮೂರು ಬೆರಳು ಬಂತು.

ಪುಟ ಏಳರಲ್ಲಿ ವಿಮೆಯ ಸಂಖ್ಯೆ ಕೇಳಿದ್ದರು. ವಿಮಾ ಕಂಪನಿಗೆ ಫೋನ್ ಮಾಡಿದಾಗ ಅವರು ಸಂಘದ ಸದಸ್ಯತ್ವ ಸಂಖ್ಯೆ ಕೇಳಿದರು. ಇತರ ಅರ್ಜಿದಾರರು ಸಾಮಾನ್ಯವಾಗಿ ಇಲ್ಲಿಗೇ ಅರ್ಜಿಯನ್ನು ಮಡಚಿಟ್ಟು ಬೆಳಗಿನ ವಾಕಿಂಗಿಗೆ ತೃಪ್ತರಾಗುತ್ತಿದ್ದರು. ಆದರೆ ದೇವೇಂದ್ರಪ್ಪನವರಿಗೆ ಬಹಳ ದಿನಗಳಿಂದ ಇಂಥದ್ದೊಂದು ಸಿಕ್ಕಿರಲಿಲ್ಲ. ಅವರ ಮುಖಕ್ಕೆ ಕಳೆ ಬಂತು. "ಸದಸ್ಯತ್ವವನ್ನು ನಿರೀಕ್ಷಿಸುತ್ತಿರುವ ತಾತ್ಕಾಲಿಕ ಸದಸ್ಯೆ" ಎಂಬ ಹೊಸ ವರ್ಗವನ್ನು ಸೃಷ್ಟಿಸಿ, ಎರಡೂ ಕಡೆಗೆ ಒಂದೇ ದಿನ, ಒಂದೇ ಗಂಟೆಗೆ ತಲುಪುವಂತೆ ಎರಡು ಪತ್ರ ಬರೆದರು. ಎರಡೂ ಕಡೆಯವರು ಇನ್ನೊಂದು ಕಡೆಯವರು ಒಪ್ಪಿದ್ದಾರೆಂದು ತಿಳಿದು ಒಪ್ಪಿದರು.

ಮುಂದಿನ ಹಂತ ಸೈಕಲ್ ತಪಾಸಣೆ. ಸಂಘದ ಕಚೇರಿ ಕರೋಲ್ ಬಾಗ್‌ನಲ್ಲಿ ಒಂದು ಸೂಟ್‌ಕೇಸ್ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಸದಸ್ಯತ್ವ ಸಿಗುವವರೆಗೆ ಸೈಕಲ್ ಮೇಲೆ ಕೂರಬಾರದು ಎಂಬ ನಿಯಮವಿದ್ದುದರಿಂದ ಶ್ರೀಲಕ್ಷ್ಮಿ ಸೈಕಲನ್ನು ಒಂದು ಟೆಂಪೋದಲ್ಲಿ ತಂದರು. ಟೆಂಪೋ ಒಳಗೆ ಬಾರದ ಗಲ್ಲಿಯಲ್ಲಿ ಅದನ್ನು ಸೈಕಲ್ ರಿಕ್ಷಾದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೊರಟರು. ರಿಕ್ಷಾದವನು ಸ್ವಲ್ಪ ದೂರ ತುಳಿದ ಮೇಲೆ ತಿರುಗಿ ನೋಡಿ, "ಮೇಡಂ, ಇಸೀ ಪೇ ಬೈಠ್ ಕೇ ಚಲೀ ಜಾತೀಂ?" ಎಂದು ಕೇಳಿದ. ಇದರ ಮೇಲೇ ಕೂತು ಹೋಗಬಹುದಿತ್ತಲ್ಲ ಎಂಬುದು ಅವನ ಸಂದೇಹ.

"ಅಭೀ ಮೆಂಬರ್‌ಶಿಪ್ ನಹೀಂ ಹುಯೀ, ಭಯ್ಯಾ" ಎಂದರು ಶ್ರೀಲಕ್ಷ್ಮಿ.

ಭಯ್ಯಾ "ಅಚ್ಛಾ" ಎಂದು ಮತ್ತೆ ತುಳಿದ.

ಮೂರು ಮಹಡಿ ಸೈಕಲ್ ಹೊತ್ತು ಹತ್ತಿದ ಮೇಲೆ ಮಹಂತೇಶ್ ಅವರ ದರ್ಶನವಾಯಿತು. ನಿವೃತ್ತ ಅಧಿಕಾರಿ, ಅರವತ್ತಾರು ವರ್ಷ, ಸಣಕಲು ದೇಹ, ಬಲ ಮೊಣಕೈ ಸ್ವಲ್ಪ ಸೊಟ್ಟ. ಕುರ್ಚಿಯಲ್ಲಿ ಕೂತಿದ್ದರೂ ಹೆಲ್ಮೆಟ್ ಧರಿಸಿದ್ದರು. ಅವರು ಸೈಕಲನ್ನು ನೋಡಲಿಲ್ಲ, ಸ್ಟ್ಯಾಂಡನ್ನು ನೋಡಿದರು. ಬಗ್ಗಿ, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು.

"ಒಳ್ಳೇ ಸ್ಟ್ಯಾಂಡ್ ಮೇಡಂ" ಎಂದರು. "ಈಗ ಒಂದೇ ಒಂದು ಪ್ರಮಾಣಪತ್ರ ಬಾಕಿ. ಕಳೆದ ಮೂರು ವರ್ಷದಲ್ಲಿ ತಾವು ಸೈಕಲ್‌ನಿಂದ ಬಿದ್ದಿಲ್ಲ ಅಂತ ಗೆಜೆಟೆಡ್ ಅಧಿಕಾರಿಯೊಬ್ಬರು ಬರೆದುಕೊಡಬೇಕು."

"ಮೂರು ವರ್ಷದಲ್ಲಿ ನಾನು ಸೈಕಲ್ ಹತ್ತೇ ಇಲ್ಲ ಸರ್."

"ಬಹಳ ಒಳ್ಳೇದು. ಆದರೆ ಅದನ್ನು ಯಾರಾದರೂ ನೋಡಿರಬೇಕಲ್ಲ?"

ಶ್ರೀಲಕ್ಷ್ಮಿಯವರ ಕಟ್ಟಡದ ಆರನೇ ಮಹಡಿಯಲ್ಲಿದ್ದ ಗೆಜೆಟೆಡ್ ಅಧಿಕಾರಿಯೊಬ್ಬರು ಉದಾರ ಮನಸ್ಸಿನವರು. ದೇವೇಂದ್ರಪ್ಪನವರ ವಿನಂತಿಯ ಮೇರೆಗೆ ಅವರು ಭಾನುವಾರ ಬೆಳಿಗ್ಗೆ ಕಾಲೊನಿಯ ಪಾರ್ಕಿಗೆ ಬಂದು ಬೆಂಚಿನ ಮೇಲೆ ಕೂತರು. ಶ್ರೀಲಕ್ಷ್ಮಿ ಸೈಕಲ್ ಪಕ್ಕದಲ್ಲಿ ಹತ್ತು ನಿಮಿಷ ನಿಂತರು. ಬೀಳಲಿಲ್ಲ. ಅಧಿಕಾರಿಗಳು "ನನ್ನ ಸಮಕ್ಷಮದಲ್ಲಿ ಬಿದ್ದಿರುವುದಿಲ್ಲ" ಎಂದು ಬರೆದು ಹಸಿರು ಶಾಯಿಯಲ್ಲಿ ಸಹಿ ಮಾಡಿ, ಒಂದು ಕಪ್ ಕಾಫಿ ಕುಡಿದು ಹೋದರು.

ವಿಮೆಯ ಕಾಗದ ತಂದವರು ನಿರಾತಂಕ ವಿಮಾ ಕಂಪನಿಯ ದಿಲೀಪ್. ಬಹಳ ವರ್ಷದಿಂದ ಸಂಘದ ವಿಮೆ ನೋಡಿಕೊಳ್ಳುತ್ತಿದ್ದವರು, ಮೃದು ಮಾತಿನವರು. ಶ್ರೀಲಕ್ಷ್ಮಿಯವರ ಹಜಾರದಲ್ಲಿ ಕೂತು, ಅವಲಕ್ಕಿ ತಿನ್ನುತ್ತ, ಯಾವ ಯಾವ ಸಂದರ್ಭದಲ್ಲಿ ಪರಿಹಾರ ಸಿಗುವುದಿಲ್ಲ ಎಂಬುದನ್ನು ವಿವರಿಸಿದರು. ಡಾಂಬರು ರಸ್ತೆ, ಕಾಂಕ್ರೀಟ್ ರಸ್ತೆ, ಮಣ್ಣು ರಸ್ತೆ ಸೇರುವುದಿಲ್ಲ. ಕಾರು, ಬಸ್ಸು, ಎತ್ತು, ನಾಯಿ, ಕೋತಿ, ಮದುವೆ ಮೆರವಣಿಗೆ ಸೇರುವುದಿಲ್ಲ. ಮಂಜು ಮುಸುಕಿದ್ದರೆ ಸೇರುವುದಿಲ್ಲ. ಮಂಜಿಲ್ಲದಿದ್ದರೆ ಎದುರಿನ ಅಪಾಯ ಕಾಣಿಸಬೇಕಿತ್ತಾದ್ದರಿಂದ ಆಗಲೂ ಸೇರುವುದಿಲ್ಲ.

"ಮತ್ತೆ ಏನಾದರೆ ಪರಿಹಾರ ಸಿಗುತ್ತೆ ದಿಲೀಪ್ ಅವರೇ?" ಎಂದು ಶ್ರೀಲಕ್ಷ್ಮಿ ಕೇಳಿದರು.

"ಏನೂ ಆಗದೇ ಇದ್ದರೆ ಪೂರ್ತಿ ಕವರ್ ಇದೆ ಮೇಡಂ" ಎಂದರು ದಿಲೀಪ್. "ಅವಲಕ್ಕಿ ಚೆನ್ನಾಗಿದೆ."

ಇಷ್ಟಾದ ಮೇಲೆ ಸದಸ್ಯತ್ವ ಸಂಖ್ಯೆ ಮೂವತ್ತೊಂದು ಶ್ರೀಲಕ್ಷ್ಮಿಯವರಿಗೆ ಮಂಜೂರಾಯಿತು. ಅದೇ ತಿಂಗಳ ಕೊನೆಯ ಭಾನುವಾರ ಸಂಘದ ಸಾಪ್ತಾಹಿಕ ಸವಾರಿ: ಸರೋಜಿನಿ ನಗರದಿಂದ ಚಾಣಕ್ಯಪುರಿ, ತೀನ್ ಮೂರ್ತಿ ಮಾರ್ಗವಾಗಿ ಇಂಡಿಯಾ ಗೇಟ್, ಅಲ್ಲಿಂದ ವಾಪಸ್. ಹಿಂದಿನ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಗಂಟೆ ಬಾರಿಸುತ್ತದೆಯೇ ಎಂದು ಎರಡು ಸಲ ಎದ್ದು ಹೋಗಿ ನೋಡಿದರು.

ಬೆಳಿಗ್ಗೆ ಆರೂಮುಕ್ಕಾಲಿಗೆ ಪಾರ್ಕಿನಲ್ಲಿ ಕಾರ್ಯದರ್ಶಿಯೂ ಸೇರಿ ಮೂವತ್ತೊಂದು ಮಂದಿ ಸದಸ್ಯರು ನೆರೆದರು. ಎಲ್ಲರ ತಲೆಯ ಮೇಲೂ ಹೆಲ್ಮೆಟ್, ಮೈಮೇಲೆ ಹೊಳೆಯುವ ಪಟ್ಟಿಯ ಜಾಕೆಟ್. ಸೈಕಲ್‌ಗಳು ಅಂಗಡಿಯಿಂದ ನಿನ್ನೆ ತಂದವುಗಳಂತೆ ಥಳಥಳಿಸುತ್ತಿದ್ದವು. ಚಕ್ರಗಳ ಮೇಲೆ ಒಂದು ಕಣ ಧೂಳಿರಲಿಲ್ಲ. ಅಧ್ಯಕ್ಷರಾದ ನಿವೃತ್ತ ಬ್ರಿಗೇಡಿಯರ್ ಪೂವಯ್ಯನವರು, ಕೊಡಗಿನವರು, ಎಪ್ಪತ್ತೊಂದರಲ್ಲೂ ನೆಟ್ಟಗೆ ನಿಲ್ಲುವವರು, ಎಲ್ಲರಿಗಿಂತ ಮುಂದೆ ಇದ್ದರು. ಮಹಂತೇಶ್ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮೈಕ್ ಹಿಡಿದರು. ಸೀಟಿ ಊದಿದರು.

"ಸವಾರರೇ, ಸ್ಟ್ಯಾಂಡ್ ಹಾಕಿ!"

ಇಪ್ಪತ್ತೊಂಬತ್ತು ಸ್ಟ್ಯಾಂಡುಗಳು ಖಟ್ ಎಂದವು. ಶ್ರೀಲಕ್ಷ್ಮಿ ಅತ್ತಿತ್ತ ನೋಡಿ ತಾವೂ ಹಾಕಿದರು. ಎಲ್ಲರೂ ಏರಿ ಕೂತರು. ನೆಲದಿಂದ ಮೂರು ಬೆರಳು ಮೇಲೆ ಮೂವತ್ತು ಹಿಂಬದಿ ಚಕ್ರಗಳು ಗಿರ್ರೆಂದು ತಿರುಗತೊಡಗಿದವು.

"ಪಾರ್ಕಿನ ಗೇಟು ದಾಟಿದೆವು" ಎಂದು ಮಹಂತೇಶ್ ಮೈಕಿನಲ್ಲಿ ಹೇಳಿದರು. "ಎಡಕ್ಕೆ ತಿರುಗಿ." ಹ್ಯಾಂಡಲ್‌ಗಳೆಲ್ಲ ಎಡಕ್ಕೆ ತಿರುಗಿದವು. "ಮುಂದೆ ಸ್ಪೀಡ್ ಬ್ರೇಕರ್." ಎಲ್ಲರೂ ಸೀಟಿನಿಂದ ಸ್ವಲ್ಪ ಮೇಲೆದ್ದು ಕೂತರು. "ಕೆಂಪು ದೀಪ!" ಎಲ್ಲರೂ ತುಳಿಯುವುದನ್ನು ನಿಲ್ಲಿಸಿದರು, ನಿವೃತ್ತ ಶಿಕ್ಷಕಿ ಶಾಂತಮ್ಮನವರೊಬ್ಬರನ್ನು ಬಿಟ್ಟು.

"ಶಾಂತಮ್ಮನವರೇ, ಸಿಗ್ನಲ್ ದಾಟಿದಿರಿ."

"ಹಳದಿ ಇತ್ತು."

"ಇರಲಿಲ್ಲ. ಮೂರು ಸಲ ಹೇಳಿದ್ದೀನಿ ನಿಮಗೆ. ಹಿಂದೆ ಬನ್ನಿ."

ಶಾಂತಮ್ಮ ಗೊಣಗುತ್ತ ಹಿಂದಕ್ಕೆ ನಾಲ್ಕು ಸುತ್ತು ತುಳಿದರು.

ಚಾಣಕ್ಯಪುರಿ ಬಂದಾಗ "ಎರಡೂ ಕಡೆ ರಾಯಭಾರ ಕಚೇರಿಗಳು, ಫೋಟೋ ತೆಗೆಯುವಂತಿಲ್ಲ" ಎಂದು ಪ್ರಕಟಿಸಲಾಯಿತು. ತುಳಸಿ ಗಿಡದ ಫೋಟೋ ತೆಗೆಯುತ್ತಿದ್ದ ಒಬ್ಬರು ಗಾಬರಿಯಿಂದ ಮೊಬೈಲನ್ನು ಜೇಬಿಗೆ ಸೇರಿಸಿದರು. ಸ್ವಲ್ಪ ಹೊತ್ತಿಗೆ ಮಹಂತೇಶ್ ಮತ್ತೆ ಮೈಕ್ ಎತ್ತಿ, "ಮೂವತ್ತೊಂದನೇ ಸದಸ್ಯರೇ, ತಾವು ಗುಂಪಿನಿಂದ ಇನ್ನೂರು ಮೀಟರ್ ಹಿಂದೆ ಉಳಿದಿದ್ದೀರಿ" ಎಂದರು.

ಶ್ರೀಲಕ್ಷ್ಮಿ ಪಕ್ಕಕ್ಕೆ ನೋಡಿದರು. ಮೂವತ್ತನೇ ಸದಸ್ಯರು ಕೈಗೆಟಕುವಷ್ಟು ಹತ್ತಿರದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದರು. "ಕ್ಷಮಿಸಿ ಸರ್" ಎಂದು ಜೋರಾಗಿ ತುಳಿದರು.

"ಈಗ ಬಲಕ್ಕೆ" ಎಂದರು ಮಹಂತೇಶ್.

ಶ್ರೀಲಕ್ಷ್ಮಿ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರು. ಅವರ ಬಲಕ್ಕೆ ಪಾರ್ಕಿನ ನಿಜವಾದ ಗೇಟು ಇತ್ತು. ತೆರೆದಿತ್ತು. ಆಚೆ ರಸ್ತೆಯಲ್ಲಿ ಹಾಲಿನ ಬೂತಿನ ಮುಂದೆ ಇಬ್ಬರು ನಿಂತಿದ್ದರು, ಬೇವಿನ ಮರದ ಎಲೆ ಅಲ್ಲಾಡುತ್ತಿತ್ತು. ಅವರು ಇಳಿದರು. ಸ್ಟ್ಯಾಂಡನ್ನು ಕಾಲಿನಿಂದ ಹಿಂದಕ್ಕೆ ಒದ್ದರು. ಹತ್ತಿ, ಎರಡು ಸಲ ಓಲಾಡಿ, ಗೇಟಿನ ಕಂಬವನ್ನು ಒಂದು ಗೇಣಿನಲ್ಲಿ ತಪ್ಪಿಸಿಕೊಂಡು ಹೊರಗೆ ಹೋಗಿಬಿಟ್ಟರು.

ಮೊದಲ ನೂರು ಮೀಟರ್ ಅವರಿಗೆ ಹೆದರಿಕೆಯಾಯಿತು. ಆಮೇಲೆ ಮೊಣಕಾಲುಗಳಿಗೆ ಹಾವೇರಿ ನೆನಪಾಯಿತು. ಶಾಂತಿಪಥದ ಅಗಲವಾದ ರಸ್ತೆಯಲ್ಲಿ ಬೆಳಗಿನ ತಣ್ಣನೆಯ ಗಾಳಿ ಕಣ್ಣಿಗೆ ಹೊಡೆದು ನೀರು ಬಂತು. ಒಂದು ನವಿಲು ಕಾಂಪೌಂಡಿನ ಗೋಡೆಯ ಮೇಲೆ ಕೂತು ಕೂಗುತ್ತಿತ್ತು. ಎದುರಿಗೆ ಯಾರೂ ಇರದಿದ್ದರೂ ಗಂಟೆ ಬಾರಿಸಿದರು. ಇನ್ನೊಮ್ಮೆ ಬಾರಿಸಿದರು. ತೀನ್ ಮೂರ್ತಿಯ ಬಳಿ ಒಂದು ನಾಯಿ ಅಡ್ಡ ಬಂದಾಗ ಬ್ರೇಕ್ ಹಾಕಿ, ಕನ್ನಡದಲ್ಲಿ ಬೈದು ಮುಂದೆ ಹೋದರು. ಇಂಡಿಯಾ ಗೇಟಿನ ಹತ್ತಿರ ಒಂದು ಚಹಾ ಕುಡಿದರು. ಚಹಾ ಮಾರುವವನು "ಅಕೇಲೀ ಆಯೀ ಹೈಂ?" ಎಂದು, ಒಬ್ಬರೇ ಬಂದಿರಾ ಎಂದು, ಕೇಳಿದ. "ಹಾಂ, ಅಕೇಲೀ" ಎಂದಾಗ ಅವರಿಗೆ ಯಾಕೋ ಗಟ್ಟಿಯಾಗಿ ನಗು ಬಂತು.

ಒಂದು ಗಂಟೆ ನಲವತ್ತು ನಿಮಿಷದ ಮೇಲೆ ಪಾರ್ಕಿಗೆ ಮರಳಿದರು. ನಡುವೆ ಎರಡು ಬಾರಿ ನೀರಿಗೂ ಒಂದು ಬಾರಿ ಬಾಳೆಹಣ್ಣಿಗೂ ನಿಂತಿದ್ದ ಸಂಘವು ಆಗಷ್ಟೇ ತೀನ್ ಮೂರ್ತಿ ತಲುಪಿತ್ತು.

"ಎಲ್ಲಿ ಹೋಗಿದ್ರಿ ಮೇಡಂ?" ಮಹಂತೇಶ್ ಎದ್ದು ನಿಂತಿದ್ದರು.

"ಇಂಡಿಯಾ ಗೇಟಿಗೆ ಸರ್."

"ನಾವಿನ್ನೂ ಅಲ್ಲಿಗೆ ತಲುಪಿಲ್ಲವಲ್ಲ!"

"ನಾನು ಹೋಗಿ ಬಂದೆ."

"ಹೋದದ್ದು ಹೇಗೆ?"

"ಸೈಕಲ್ ಮೇಲೆ."

ಇಪ್ಪತ್ತೊಂಬತ್ತು ಚಕ್ರಗಳು ಒಂದೊಂದಾಗಿ ನಿಂತವು. ಪೂವಯ್ಯನವರು ಸೀಟಿನ ಮೇಲಿಂದಲೇ ಪೂರ್ತಿ ತಿರುಗಿ ಶ್ರೀಲಕ್ಷ್ಮಿಯವರ ಸೈಕಲಿನ ಟೈರನ್ನು ನೋಡಿದರು. ಅದಕ್ಕೆ ಮಣ್ಣು ಅಂಟಿತ್ತು.

ಮಂಗಳವಾರ ಕಾರಣ ಕೇಳುವ ನೋಟಿಸ್ ಬಂತು. "ಸೈಕಲ್ ಸಂಘದ ಸದಸ್ಯರಾಗಿದ್ದುಕೊಂಡು, ಸಂಘದ ಸವಾರಿ ನಡೆಯುತ್ತಿದ್ದ ವೇಳೆಯಲ್ಲಿ, ಸೈಕಲ್ ಓಡಿಸಿರುವುದಾಗಿ ತಮ್ಮ ಮೇಲೆ ಆರೋಪವಿದೆ. ತಮ್ಮನ್ನು ಏಕೆ ವಜಾ ಮಾಡಬಾರದೆಂದು ಏಳು ದಿನಗಳೊಳಗೆ ತಿಳಿಸತಕ್ಕದ್ದು." ವಿಚಾರಣೆಯನ್ನು ಕರೋಲ್ ಬಾಗ್ ಕಚೇರಿಯಲ್ಲಿ ಅಧ್ಯಕ್ಷರೇ ನಡೆಸಲಿದ್ದರು.

"ನನಗೆ ಆ ಸಂಘವೇ ಬೇಡ" ಎಂದರು ಶ್ರೀಲಕ್ಷ್ಮಿ. "ನನಗೆ ಗೊತ್ತಾಗಿಹೋಯಿತು ರೀ. ರಸ್ತೆ ಅಲ್ಲೇ ಇದೆ."

ದೇವೇಂದ್ರಪ್ಪನವರು ಹೆಂಡತಿಯ ಮುಖ ನೋಡಿದರು. ಅವರ ಕೆನ್ನೆ ಇಷ್ಟು ಕೆಂಪಗಿದ್ದುದನ್ನು ಅವರು ಮದುವೆಯ ಆಲ್ಬಮ್ಮಿನಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ. ಕೊನೆಗೆ, "ಬಿಟ್ಟರೆ ನಿನ್ನ ಫೈಲಿನಲ್ಲಿ ‘ತಪ್ಪಿತಸ್ಥೆ’ ಅಂತ ಉಳಿಯುತ್ತೆ. ಅದು ಮಾತ್ರ ಆಗಕೂಡದು" ಎಂದು ಹೇಳಿ ಸಂಘದ ನಿಯಮಾವಳಿಯನ್ನು ಕೈಗೆತ್ತಿಕೊಂಡರು.

ವಿಚಾರಣೆಯಲ್ಲಿ ಅವರೇ ಹೆಂಡತಿಯ ಪರವಾಗಿ ಎದ್ದು ನಿಂತರು. "ಅಧ್ಯಕ್ಷರೇ, ನಿಯಮ ಎರಡರಲ್ಲಿ ‘ಸವಾರಿ’ ಎಂಬ ಶಬ್ದಕ್ಕೆ ಅರ್ಥ ಕೊಟ್ಟಿದೆ. ಓದುತ್ತೇನೆ. ‘ಸವಾರಿ ಎಂದರೆ ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕೂತು ಪೆಡಲ್ ತುಳಿಯುವುದು.’ ಆ ದಿನ ನನ್ನ ಹೆಂಡತಿಯ ಸೈಕಲ್ ಸ್ಟ್ಯಾಂಡ್ ಮೇಲೆ ಇರಲಿಲ್ಲ. ಆದ್ದರಿಂದ ಅವಳು ಸವಾರಿ ಮಾಡಿಲ್ಲ. ಮಾಡದ ಸವಾರಿಯನ್ನು ಅನುಮತಿ ಇಲ್ಲದೆ ಮಾಡಿದಳು ಅಂತ ಹೇಗೆ ಹೇಳುತ್ತೀರಿ?"

ಮಹಂತೇಶ್ ಕಕ್ಕಾಬಿಕ್ಕಿಯಾದರು. "ಮತ್ತೆ ಅವರು ಮಾಡಿದ್ದೇನು?"

ಎಲ್ಲರೂ ವಿಮಾ ಕಂಪನಿಯ ಪರವಾಗಿ ಬಂದಿದ್ದ ದಿಲೀಪ್ ಅವರ ಕಡೆ ನೋಡಿದರು. ದಿಲೀಪ್ ವಿಮೆಯ ಕಾಗದದ ಇಪ್ಪತ್ತೆರಡನೇ ಪುಟ ತೆರೆದು, ಕನ್ನಡಕ ಏರಿಸಿಕೊಂಡು ಓದಿದರು: "‘ಸೈಕಲ್ ಸ್ಟ್ಯಾಂಡಿನಿಂದ ಕಳಚಿಕೊಂಡು ಸದಸ್ಯರನ್ನು ಹೊತ್ತು ಮುಂದಕ್ಕೆ ಚಲಿಸಿದರೆ ಅದನ್ನು ಅಪಘಾತ ಎಂದು ಪರಿಗಣಿಸತಕ್ಕದ್ದು.’ ಸ್ಪಷ್ಟವಾಗಿದೆ ಸರ್. ಮೇಡಂ ಅವರಿಗೆ ಆಗಿರೋದು ಅಪಘಾತ."

ಕೋಣೆಯಲ್ಲಿ ಅನುಕಂಪ ಹರಡಿತು. ಶಾಂತಮ್ಮನವರು ಶ್ರೀಲಕ್ಷ್ಮಿಯವರ ಕೈ ಹಿಡಿದುಕೊಂಡರು. ಆರೋಪ ಕೈಬಿಡಲಾಯಿತು, ಅಪಘಾತಕ್ಕೀಡಾದವರನ್ನು ವಜಾ ಮಾಡುವುದು ಮಾನವೀಯತೆಯಲ್ಲ ಎಂದು ಅಧ್ಯಕ್ಷರು ತೀರ್ಪು ಬರೆಸಿದರು. ಕೂಡಲೇ ದಿಲೀಪ್ ಅಪಘಾತದ ಫಾರಂ ತುಂಬಲು ಕೂತರು.

"ಅಪಘಾತದ ಸ್ಥಳ ಮೇಡಂ?"

"ಸರೋಜಿನಿ ನಗರದಿಂದ ಇಂಡಿಯಾ ಗೇಟಿನವರೆಗೆ. ಮತ್ತೆ ವಾಪಸ್."

"ಉದ್ದನೆಯದು" ಎಂದು ದಿಲೀಪ್ ಬರೆದುಕೊಂಡರು. "ಅವಧಿ?"

"ಒಂದು ಗಂಟೆ ನಲವತ್ತು ನಿಮಿಷ. ಚಹಾ ಸೇರಿ."

"ತಡೆಯೋಕೆ ಪ್ರಯತ್ನ ಮಾಡಿದ್ರಾ?"

"ಒಂದು ಸಲ ಬ್ರೇಕ್ ಹಾಕಿದೆ. ನಾಯಿ ಬಂತು. ಅದು ಹೋದ ಮೇಲೆ ಅಪಘಾತ ಮುಂದುವರೀತು."

"ಗಾಯ, ಬಾವು?"

"ಇಲ್ಲ."

"ಬೇರೆ ಏನಾದರೂ ಪರಿಣಾಮ?"

ಶ್ರೀಲಕ್ಷ್ಮಿ ಯೋಚಿಸಿದರು. "ಆ ರಾತ್ರಿ ಒಳ್ಳೇ ನಿದ್ದೆ ಬಂತು."

ಮರುದಿನದಿಂದ ಸದಸ್ಯರು ಮೂಸಂಬಿ, ಸೇಬು, ಬಿಸ್ಕತ್ತು ಹಿಡಿದುಕೊಂಡು ಶ್ರೀಲಕ್ಷ್ಮಿಯವರನ್ನು ನೋಡಲು ಬಂದರು. ದಿಶಾ ಎಲ್ಲರಿಗೂ ಕಾಫಿ ಕೊಟ್ಟು ಸುಸ್ತಾದಳು. ಹಣ್ಣು ಮೇಜಿನ ಮೇಲಿಟ್ಟು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಹೇಗಾಯಿತು? ಶ್ರೀಲಕ್ಷ್ಮಿ ಗಾಳಿಯ ವಿಷಯ, ನವಿಲಿನ ವಿಷಯ ಹೇಳುತ್ತಿದ್ದರು. ಕೇಳುತ್ತ ಕೇಳುತ್ತ ಬಂದವರ ಕಾಲುಗಳು ಸೋಫಾದ ಕೆಳಗೆ ತಮ್ಮಷ್ಟಕ್ಕೆ ತುಳಿಯಲಾರಂಭಿಸುತ್ತಿದ್ದವು.

ಗುರುವಾರ ಪೂವಯ್ಯನವರು ಬಂದರು. ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿ ದನಿ ತಗ್ಗಿಸಿದರು. "ಮತ್ತೆ ಆಗುವ ಸಂಭವ ಇದೆಯೇನಮ್ಮ?"

"ಬರುವ ಭಾನುವಾರ ಆರೂವರೆ ಸುಮಾರಿಗೆ ಆಗಬಹುದು ಸರ್."

ಬ್ರಿಗೇಡಿಯರ್ ತಲೆಯಾಡಿಸಿದರು. "ಅದೇ ಹೊತ್ತಿಗೆ ನನಗೂ ಏನೋ ಆಗುವ ಲಕ್ಷಣ ಕಾಣುತ್ತಿದೆ."

ಆ ಭಾನುವಾರ ಮೂವರಿಗೆ ಅಪಘಾತವಾಯಿತು. ಮರುವಾರ ಒಂಬತ್ತು ಮಂದಿಗೆ. ಅದರ ಮರುವಾರ ಇಪ್ಪತ್ತೆರಡು ಮಂದಿ ಪಾರ್ಕಿನಿಂದ ಸಾಲಾಗಿ ಅಪಘಾತಕ್ಕೀಡಾಗಿ ಹೊರಟುಹೋದರು. ಮೈಕ್ ಹಿಡಿದ ಮಹಂತೇಶ್ ಎಂಟು ಜನರಿಗೆ ಚಾಣಕ್ಯಪುರಿ ತೋರಿಸಬೇಕಾಯಿತು.

ಅವರು ತುರ್ತುಸಭೆ ಕರೆದರು. "ಅಪಘಾತ ಆಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಹೀಗೆ ಹೇಳದೆ ಕೇಳದೆ ಆದರೆ ಸಂಘ ನಡೆಸೋದು ಹೇಗೆ?" ಎಂದರು. ಹೆಲ್ಮೆಟ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರಿಂಗ್ ರೋಡಿನಲ್ಲಿ ಸೈಕಲ್‌ನಿಂದ ಬಿದ್ದೆ. ಮೊಣಕೈ ಮುರಿದಿತ್ತು. ಅರ್ಧ ಗಂಟೆ ಬಿದ್ದೇ ಇದ್ದೆ. ಭಾಷೆ ಬರುತ್ತಿರಲಿಲ್ಲ. ಒಬ್ಬರೂ ನಿಲ್ಲಲಿಲ್ಲ."

ಶ್ರೀಲಕ್ಷ್ಮಿ ಎದ್ದು ಹೇಳಿದರು: "ಸರ್, ಹಾಗಾದರೆ ಮೊದಲೇ ತಿಳಿಸಿಯೇ ಅಪಘಾತ ಮಾಡಿಕೊಳ್ಳುತ್ತೇವೆ. ನೀವೂ ಹಿಂದೆ ಆಟೋದಲ್ಲಿ ಬನ್ನಿ. ಮೈಕ್ ಇರಲಿ."

ದೇವೇಂದ್ರಪ್ಪನವರು ಅದೇ ರಾತ್ರಿ ನಿಯಮ ರಚಿಸಿದರು. ಅಪಘಾತಕ್ಕೀಡಾಗಲು ಬಯಸುವ ಸದಸ್ಯರು ಏಳು ದಿನ ಮುಂಚಿತವಾಗಿ ನಮೂನೆ ‘ಅ’ದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಕುಟುಂಬ ಸಮೇತ ಅಪಘಾತಕ್ಕೆ ನಮೂನೆ ‘ಆ’. ಅಪಘಾತವನ್ನು ಕಾರಣಾಂತರದಿಂದ ರದ್ದು ಮಾಡಬೇಕಾದಲ್ಲಿ ಶನಿವಾರ ಸಂಜೆಯೊಳಗೆ ತಿಳಿಸತಕ್ಕದ್ದು. ಯಾರಿಗೂ ಗಾಯವಾಗದ ಇಷ್ಟೊಂದು ಅಪಘಾತಗಳನ್ನು ಕಂಡು ನಿರಾತಂಕ ವಿಮಾ ಕಂಪನಿಯವರು ಹರ್ಷಿತರಾಗಿ ‘ಆನಂದ ಅಪಘಾತ ಯೋಜನೆ’ ಎಂಬ ಹೊಸ ಪಾಲಿಸಿ ಹೊರಡಿಸಿ, ಅದರ ಕರಪತ್ರದಲ್ಲಿ ಪೂವಯ್ಯನವರ ನಗುಮುಖದ ಚಿತ್ರ ಹಾಕಿದರು.

ಏಪ್ರಿಲ್ ಮೊದಲ ಭಾನುವಾರ ತೀನ್ ಮೂರ್ತಿಯ ತಿರುವಿನಲ್ಲಿ ಒಂದು ಘಟನೆ ನಡೆಯಿತು. ಅಳಿಲೊಂದನ್ನು ತಪ್ಪಿಸಲು ಹೋಗಿ ಪೂವಯ್ಯನವರು ಪಕ್ಕದ ಗಿಡದ ಬೇಲಿಯೊಳಕ್ಕೆ ಬಿದ್ದರು. ಹಿಂದಿದ್ದ ಇಪ್ಪತ್ತನಾಲ್ಕು ಮಂದಿ ಒಟ್ಟಿಗೆ ಬ್ರೇಕ್ ಹಾಕಿದರು. ಒಬ್ಬರು ನೀರು ಕೊಟ್ಟರು, ಇಬ್ಬರು ಎಲೆ ಕೊಡವಿದರು, ಶಾಂತಮ್ಮ ಮೊಣಕಾಲಿಗೆ ಅರಿಶಿನದ ಮುಲಾಮು ಹಚ್ಚಿದರು. ಎರಡು ಕಾರು, ಒಂದು ಹಾಲಿನ ಗಾಡಿ ತಾವಾಗಿಯೇ ನಿಂತವು. ಮಹಂತೇಶ್ ಆಟೋದಿಂದ ಇಳಿದು, ಮೈಕ್ ಕೈಯಲ್ಲೇ ಹಿಡಿದುಕೊಂಡು, ಇಷ್ಟು ಜನ ಸುತ್ತ ನಿಂತಿರುವುದನ್ನೇ ನೋಡುತ್ತ ನಿಂತುಬಿಟ್ಟರು.

"ಇದನ್ನು ಏನಂತ ಬರೆಯೋದು?" ಎಂದು ಆಮೇಲೆ ಮೆಲ್ಲಗೆ ಕೇಳಿದರು.

ದಿಲೀಪ್ ಅವರಿಗೆ ಫೋನ್ ಮಾಡಲಾಯಿತು. ಅವರು ಪುಟ ತಿರುಗಿಸುವ ಸದ್ದು ಕೇಳಿಸಿತು. ಸೈಕಲ್ ಮುಂದಕ್ಕೆ ಚಲಿಸಿದರೆ ಅಪಘಾತ. ಬಿದ್ದಾಗ ಸೈಕಲ್ ಚಲಿಸುವುದು ನಿಲ್ಲುತ್ತದೆ. ಆದ್ದರಿಂದ ಬೀಳುವುದು ಎಂದರೆ ಅಪಘಾತದಿಂದ ಹೊರಬರುವುದು ಎಂದು ಅವರು ತಿಳಿಸಿದರು. ಮಹಂತೇಶ್ ರಿಜಿಸ್ಟರ್ ತೆರೆದು ಬರೆದರು: "ಮಾನ್ಯ ಅಧ್ಯಕ್ಷರ ಅಪಘಾತವು ಬೆಳಿಗ್ಗೆ ಆರು ಗಂಟೆ ಐವತ್ತೆಂಟು ನಿಮಿಷಕ್ಕೆ ತೀನ್ ಮೂರ್ತಿ ಬಳಿ ಯಶಸ್ವಿಯಾಗಿ ಮುಕ್ತಾಯಗೊಂಡಿತು." ಎಲ್ಲರೂ ಪೂವಯ್ಯನವರ ಕೈ ಕುಲುಕಿದರು. ಅವರು ಧನ್ಯವಾದ ಹೇಳಿ, ಮತ್ತೊಂದು ಅಪಘಾತಕ್ಕೆ ಅಲ್ಲೇ ಅರ್ಜಿ ಬರೆದುಕೊಟ್ಟು, ಕಾರ್ಯದರ್ಶಿಯವರ ವಿಶೇಷ ಮಂಜೂರಾತಿಯ ಮೇಲೆ ಸೈಕಲ್ ಏರಿದರು.

ಮುಂದಿನ ಸೋಮವಾರ ನಮೂನೆ ‘ಅ’ದಲ್ಲಿ ಮಹಂತೇಶ್ ಅವರ ಅರ್ಜಿಯೂ ಬಂತು. ಪಾರ್ಕಿನ ಗೇಟಿನಿಂದ ಹಾಲಿನ ಬೂತಿನವರೆಗೆ ಒಂದು ಸಣ್ಣ ಅಪಘಾತ ಮಂಜೂರು ಮಾಡಬೇಕೆಂದು ಕೋರಿದ್ದರು. ಅದರ ಜೊತೆಗೇ ನಮೂನೆ ‘ಆ’ದಲ್ಲಿ ಇನ್ನೊಂದು ಅರ್ಜಿ ಇತ್ತು. ಅದರಲ್ಲಿ ದೇವೇಂದ್ರಪ್ಪನವರ ಸಹಿ ಇತ್ತು. ಅವರಿಗೆ ಸೈಕಲ್ ಬರುತ್ತಿರಲಿಲ್ಲ. ಶ್ರೀಲಕ್ಷ್ಮಿ ಎರಡು ವಾರ ಸಂಜೆ ಹೊತ್ತು ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿ ಕಲಿಸಿದರು. "ಬಿಡಬೇಡ, ಬಿಡಬೇಡ" ಎಂದು ಅವರು ಕೂಗುತ್ತಿದ್ದರು. ಬಿಟ್ಟು ಬಹಳ ಹೊತ್ತಾಗಿರುತ್ತಿತ್ತು.

ಏಪ್ರಿಲ್ ಕೊನೆಯ ಭಾನುವಾರ ಬ್ರಿಗೇಡಿಯರ್ ಹಸಿರು ಬಾವುಟ ಬೀಸಿದಾಗ ಸಂಘದ ಮೂವತ್ತೆರಡೂ ಸದಸ್ಯರು ಪಾರ್ಕಿನಿಂದ ಹೊರಟರು. ಸುಮಾರು ಏಳೂವರೆಗೆ ಎದುರು ಮನೆಯ ರತ್ನಮ್ಮನವರು ಬಂದು ಬೆಲ್ ಮಾಡಿದರು. ನಿದ್ದೆಗಣ್ಣಿನಲ್ಲಿ ದಿಶಾ ಬಾಗಿಲು ತೆಗೆದಳು.

"ಅಮ್ಮ ಇಲ್ಲವಾ?" ಎಂದರು ರತ್ನಮ್ಮ.

"ಅಪ್ಪ ಅಮ್ಮ ದೋನೋ ಆಕ್ಸಿಡೆಂಟ್‌ಗೆ ಹೋಗಿದಾರೆ ಆಂಟಿ. ಇಂಡಿಯಾ ಗೇಟ್ ತಕ್. ನಾಷ್ಟಾಕ್ಕೆ ಬಂದುಬಿಡ್ತಾರೆ."

"ಅಚ್ಛಾ" ಎಂದರು ರತ್ನಮ್ಮ. "ಬರೋವಾಗ ಒಂದು ಕಟ್ಟು ಕೊತ್ತಂಬರಿ ತರೋಕೆ ಹೇಳಮ್ಮ."